ಮನೆಗೆ ಒಯ್ಯಬೇಕಾದ ‘ನೀನು’

ಐಸ್‌ಲ್ಯಾಂಡಿನ ಉತ್ತರ ತೀರದ ನಮ್ಮ ಊರಿನಲ್ಲಿ ಯಾರಾದರೂ ಸತ್ತರೆ, ಚರ್ಚಿಗೆ ಸುದ್ದಿ ಮುಟ್ಟುವ ಮೊದಲೇ ಪತ್ರಿಕೆಯ ಕಚೇರಿಗೆ ಮುಟ್ಟಿರುತ್ತದೆ. ಸತ್ತವನು ಬೆಸ್ತನಿರಲಿ, ಬ್ಯಾಂಕಿನ ಮ್ಯಾನೇಜರಿರಲಿ, ಜೀವಮಾನವೆಲ್ಲ ಕುರಿ ಮೇಯಿಸಿದ ಮುದುಕಿಯಿರಲಿ, ಮಣ್ಣಿಗಿಳಿಸುವುದರೊಳಗೆ ಊರಿನ ವಾರಪತ್ರಿಕೆಯಲ್ಲಿ ಅವರ ನೆನಪಿನ ಬರಹ ಬರಲೇಬೇಕು. ಬರೆಯುವವರು ಪತ್ರಿಕೆಯವರಲ್ಲ. ಮನೆಯವರು, ನೆರೆಯವರು, ಒಂದೇ ದೋಣಿಯಲ್ಲಿ ದುಡಿದವರು. ನನಗೆ ಬರೆಯಲು ಬಾರದು ಎಂದು ಯಾರೂ ತಪ್ಪಿಸಿಕೊಳ್ಳುವಂತಿಲ್ಲ. ನೆನಪಿನ ಬರಹವಿಲ್ಲದ ಸಾವು ಎಂದರೆ ಹೇಳುವವರು ಕೇಳುವವರು ಇಲ್ಲದ ಸಾವು.

ಆ ಪುಟವನ್ನು ಮೂವತ್ತಕ್ಕೂ ಹೆಚ್ಚು ವರ್ಷ ಕಾಯ್ದವಳು ದೀಸಾ. ಈಗ ಆ ಪುಟಕ್ಕೆ ಅವಳದೇ ಸರದಿ ಬಂದಿತ್ತು. ಶನಿವಾರ ಅಂತ್ಯಕ್ರಿಯೆ, ಗುರುವಾರ ಪತ್ರಿಕೆ, ಮಂಗಳವಾರದೊಳಗೆ ಬರಹ ಕೈ ಸೇರಬೇಕು. ಬರೆಯಬೇಕಾದವಳು ದೀಸಾಳ ಒಬ್ಬಳೇ ಮಗಳು ಉನ್ನುರ್.

ಉನ್ನುರ್‌ಗೆ ಬಂದರಿನಲ್ಲಿ ಮೀನು ತೂಗುವ ಕೆಲಸ. ದೋಣಿಗಳು ತಂದ ಮೀನಿನ ತೊಟ್ಟಿಗಳನ್ನು ತೂಕಕ್ಕೆ ಹಾಕಿ ಇಷ್ಟು ಎಂದು ಹೇಳಿದರೆ ಅಲ್ಲಿಗೆ ಮುಗಿಯಿತು, ಯಾವ ದೋಣಿಯವನೂ ಎದುರು ಮಾತನಾಡುವುದಿಲ್ಲ. ಅಂಥವಳು ಭಾನುವಾರ ಇಡೀ ದಿನ ತಾಯಿಯ ಅಡುಗೆಮನೆಯ ಮೇಜಿನ ಮುಂದೆ ಕುಳಿತು ಒಂದು ವಾಕ್ಯವನ್ನೂ ತೂಗಿ ಇಡಲಾರದೆ ಹೋದಳು. ಬರೆದಾಗಲೆಲ್ಲ ಮೊದಲ ಮಾತು ಒಂದೇ ಆಗಿ ಬರುತ್ತಿತ್ತು.

‘ಅಮ್ಮಾ, ನೀನು...’

ಬರೆದ ಕೂಡಲೇ ಹೊಡೆದುಹಾಕುತ್ತಿದ್ದಳು. ಏಕೆಂದರೆ ದೀಸಾಳ ಪುಟದಲ್ಲಿ ‘ನೀನು’ ಎಂಬುದಕ್ಕೆ ಪ್ರವೇಶವಿರಲಿಲ್ಲ.

ಬೇರೆ ಊರಿನ ಪತ್ರಿಕೆಗಳಲ್ಲಿ ಸತ್ತವರನ್ನೇ ಮಾತನಾಡಿಸುವಂತೆ ಬರೆಯುವ ರೂಢಿಯುಂಟು. ‘ಪ್ರೀತಿಯ ಅಜ್ಜಿ, ನೀನು ಮಾಡುತ್ತಿದ್ದ ಪಾಯಸ’ ಎಂದು ಶುರುವಾಗಿ ‘ನೀನಿಲ್ಲದ ಕ್ರಿಸ್‌ಮಸ್’ ಎಂದು ಮುಗಿಯುತ್ತವೆ. ದೀಸಾ ಅದನ್ನು ಒಪ್ಪುತ್ತಿರಲಿಲ್ಲ. ಬರಹ ತಂದವರನ್ನು ಎದುರಿಗೆ ಕೂರಿಸಿ, ಕಾಫಿ ಕೊಟ್ಟು, ಅವರ ಕಣ್ಣೆದುರಿಗೇ ಒಂದೊಂದು ‘ನೀನು’ವನ್ನೂ ಪೆನ್ಸಿಲಿನಿಂದ ಹೊಡೆದು ‘ಅವಳು’, ‘ಅವನು’ ಎಂದು ತಿದ್ದುತ್ತಿದ್ದಳು.

“ಸತ್ತೋರು ಪತ್ರಿಕೆಗೆ ಚಂದಾದಾರರಲ್ಲ,” ಎನ್ನುತ್ತಿದ್ದಳು. “ಓದೋರು ನಾವು. ನಮಗೆ ಹೇಳು.”

ನಮ್ಮ ಭಾಷೆಯಲ್ಲಿ ‘ನೀವು’ ಎಂಬ ಬಹುವಚನದ ಮರ್ಯಾದೆ ಹಳೆಯ ಪುಸ್ತಕಗಳಲ್ಲಿ ಉಳಿದಿದೆಯೇ ಹೊರತು ಜನರ ಬಾಯಲ್ಲಿ ಇಲ್ಲ. ಪಾದ್ರಿಗೂ ನೀನು, ಡಾಕ್ಟರಿಗೂ ನೀನು, ದೇಶದ ಅಧ್ಯಕ್ಷರು ಊರಿಗೆ ಬಂದರೆ ಅವರಿಗೂ ನೀನು. ಹಾಗೆ ನೋಡಿದರೆ ಇಡೀ ಊರಿನಲ್ಲಿ ‘ನೀನು’ ಎನ್ನಿಸಿಕೊಳ್ಳದವರು ಗುಡ್ಡದ ಮೇಲಿನ ಸ್ಮಶಾನದಲ್ಲಿ ಮಲಗಿದವರು ಮಾತ್ರ. ಉನ್ನುರ್‌ಗೆ ತೊಡಕಾಗುತ್ತಿದ್ದುದು ಅಲ್ಲಿಯೇ. ‘ಅವಳು’ ಎಂದು ಬರೆದರೆ ತಾನೇ ಕೈಹಿಡಿದು ಅಮ್ಮನನ್ನು ಆ ಗುಡ್ಡ ಹತ್ತಿಸಿದಂತೆ. ‘ನೀನು’ ಎಂದು ಬರೆದರೆ ಅಮ್ಮನ ಪುಟದಲ್ಲಿ ಅಮ್ಮನ ಮಾತನ್ನೇ ಮೀರಿದಂತೆ.

ಹಾಗೆಂದು ಹೇಳಲು ಏನೂ ಇರಲಿಲ್ಲವೆಂದಲ್ಲ. ಹೇಳಹೊರಟರೆ ಮುಗಿಯದಷ್ಟಿತ್ತು.

ದೀಸಾಳ ಪೂರ್ತಿ ಹೆಸರು ಅರ್ನ್‌ದೀಸ್. ದೋಣಿ ಕಟ್ಟುವವನ ಮಗಳು. ಹದಿಹರೆಯದಲ್ಲಿ ಮೀನಿನ ಕಾರ್ಖಾನೆಯಲ್ಲಿ ನಿಂತು ಮೀನು ಸೀಳುತ್ತಿದ್ದಾಗ, ಅಲ್ಲಿಯ ಹೆಂಗಸರ ಬಿಡುವಿನ ಹೊತ್ತಿನ ಹಾಡುಗಳ ಬಗ್ಗೆ ಒಂದು ತುಣುಕು ಬರೆದು ಪತ್ರಿಕೆಗೆ ಕಳಿಸಿದಳು. ಸಂಪಾದಕನಿಗೆ ಅದು ಹಿಡಿಸಿ ಕರೆಸಿಕೊಂಡ. ಅಂದಿನಿಂದ ಬಂದರಿನ ಸುದ್ದಿ, ಪುರಸಭೆಯ ಜಗಳ, ಹಿಮ ಕುಸಿದು ಮುಚ್ಚಿದ ರಸ್ತೆ, ಎಲ್ಲವನ್ನೂ ಬರೆದಳು. ಆದರೆ ಅವಳ ಜೀವವಿದ್ದದ್ದು ಕಲೆಯಲ್ಲಿ. ಚರ್ಚಿನ ಗಾಯನವಿರಲಿ, ಬ್ಯಾಂಕಿನ ಮೊಗಸಾಲೆಯಲ್ಲಿ ತೂಗುಹಾಕಿದ ಚಿತ್ರಗಳಿರಲಿ, ಊರಿನ ನಾಟಕ ಸಂಘದ ವರ್ಷಕ್ಕೊಂದು ನಾಟಕವಿರಲಿ, ದೀಸಾ ತನ್ನ ಹಸಿರು ಉಣ್ಣೆಯ ಕೋಟು ತೊಟ್ಟು ಮೂರನೆಯ ಸಾಲಿನ ಕೊನೆಯ ಕುರ್ಚಿಯಲ್ಲಿ ಹಾಜರು. ಪಕ್ಕದ ಕುರ್ಚಿಯಲ್ಲಿ ಉನ್ನುರ್. ಅವಳು ಹುಟ್ಟುವ ಮೊದಲೇ ಅವಳ ತಂದೆ ಬೇರೆ ಊರಿನ ಹಡಗು ಸೇರಿ ಅಲ್ಲೇ ಸಂಸಾರ ಹೂಡಿದ್ದ. ಮಗುವನ್ನು ಬಿಟ್ಟು ಬರಲು ಮನೆಯಲ್ಲಿ ಮತ್ತೊಬ್ಬರಿಲ್ಲದ್ದರಿಂದ ದೀಸಾ ಎಲ್ಲಿಗೋ ಉನ್ನುರ್ ಅಲ್ಲಿಗೆ. ಆ ಹಸಿರು ಕೋಟಿನ ಕೆಳಗೆ ಮಲಗಿ ಅವಳು ಎಷ್ಟು ರಾಜರನ್ನೂ ಎಷ್ಟು ವಿಧವೆಯರನ್ನೂ ನಿದ್ದೆಯಲ್ಲೇ ಕೇಳಿಸಿಕೊಂಡಿದ್ದಳೋ!

ನಾಟಕದ ನಡುವೆ ಮಾತನಾಡುವಂತಿರಲಿಲ್ಲ. ಮುಗಿದ ಮೇಲೆ ಹೊರಗಿನ ಜನರೊಡನೆಯೂ ದೀಸಾ ಮಾತನಾಡುತ್ತಿರಲಿಲ್ಲ. ನೇರ ಕಾರಿಗೆ ಬಂದು, ಎಂಜಿನ್ ಚಾಲೂ ಮಾಡಿ, ಹೀಟರಿನ ಬಿಸಿಗಾಳಿ ಕಾಲಿಗೆ ತಾಗುವವರೆಗೆ ಕಾದು, ಮಗಳ ಕಡೆ ತಿರುಗುತ್ತಿದ್ದಳು.

“ಈಗ ಹೇಳು. ಏನು ಕಂಡೆ?”

ಹಿಡಿಸಿತೇ ಎಂದು ಒಂದು ದಿನವೂ ಕೇಳಿದವಳಲ್ಲ. ಏನು ಕಂಡೆ ಎಂದೇ ಕೇಳುವುದು. “ರಾಣಿಯ ಕಾಲುಚೀಲ ಹರಿದಿತ್ತು” ಎಂದು ಮಗಳು ಹೇಳಿದರೆ, “ಭೇಷ್, ನಾನು ನೋಡಿರಲಿಲ್ಲ” ಎಂದು ಮೆಚ್ಚುತ್ತಿದ್ದಳು. “ನಿದ್ದೆ ಮಾಡಿದೆ” ಎಂದರೆ, “ಸರಿ, ಕನಸಲ್ಲಿ ಏನು ಕಂಡೆ?” ಎನ್ನುತ್ತಿದ್ದಳು. ಏನಾದರೊಂದು ಹೇಳುವವರೆಗೆ ಕಾರು ಕದಲುತ್ತಿರಲಿಲ್ಲ.

ಒಮ್ಮೆ ಒಂದೇ ಒಂದು ಚಿತ್ರ ನೋಡುವುದಕ್ಕಾಗಿ ತಾಯಿ ಮಗಳು ಇಡೀ ದಿನ ಕಾರಿನಲ್ಲಿ ರಾಜಧಾನಿಗೆ ಹೋದದ್ದುಂಟು. ಚಿತ್ರಶಾಲೆಯೊಳಗೆ ನೂರಾರು ಚಿತ್ರಗಳಿದ್ದವು. ದೀಸಾ ಒಂದರ ಮುಂದೆ ಬೆಂಚು ಹಿಡಿದು ಕುಳಿತವಳು ಮೇಲೇಳಲಿಲ್ಲ. ಉನ್ನುರ್ ಕೋಟಿನ ತುದಿ ಜಗ್ಗಿ, “ಉಳಿದಿದ್ದು ನೋಡಲ್ವಾ?” ಎಂದು ಕೇಳಿದ್ದಕ್ಕೆ, “ಅವೆಲ್ಲ ಎಲ್ಲಿಗೂ ಓಡಿಹೋಗಲ್ಲ ಪುಟ್ಟಿ. ಇವತ್ತು ಇದರ ಮನೆಗೆ ಬಂದಿದೀವಿ. ಇದರ ಜೊತೆ ಕೂತ್ಕೊಳ್ಳೋಣ” ಎಂದಳು. ವಾಪಸಾಗುವಾಗ ದಾರಿಯುದ್ದಕ್ಕೂ ಒಣಮೀನಿಗೆ ಬೆಣ್ಣೆ ಹಚ್ಚಿ ತಿನ್ನುತ್ತ ಆ ಒಂದು ಚಿತ್ರದ ನೀಲಿಯ ಬಗ್ಗೆ ವಾದ ಮಾಡಿದರು.

ಒಳ್ಳೆಯದನ್ನೇ ಹೇಳಿದರೆ ಅದು ದೀಸಾಳ ಕಥೆಯಾಗುವುದಿಲ್ಲ. ಆಲೂಗಡ್ಡೆ ಬೇಯಲು ಇಟ್ಟು ಟೈಪು ಮಾಡಲು ಕುಳಿತರೆ ಪಾತ್ರೆ ಕರಿಯಾಗುವವರೆಗೆ ಅವಳಿಗೆ ಪರಿವೆಯಿರುತ್ತಿರಲಿಲ್ಲ. ಶಾಲೆಯಿಂದ ಮಗಳನ್ನು ಕರೆತರುವುದನ್ನು ಮರೆತು ಹಾಡುಗಾರ್ತಿಯೊಬ್ಬಳ ಸಂದರ್ಶನದಲ್ಲಿ ಮುಳುಗಿದ್ದಳು. ಕೋಪ ಬಂದರೆ ನಾಲಿಗೆ ಕತ್ತರಿಯೇ ಸರಿ. ಇದನ್ನೆಲ್ಲ ಉನ್ನುರ್ ಬರೆಯಲು ಸಿದ್ಧಳಿದ್ದಳು. ಆದರೆ ‘ಅವಳು ಆಲೂಗಡ್ಡೆ ಸೀಯಿಸುತ್ತಿದ್ದಳು’ ಎಂದು ಬರೆದು ಓದಿಕೊಂಡರೆ, ಯಾರೋ ಪಕ್ಕದ ಬೀದಿಯ ಹೆಂಗಸಿನ ಮೇಲೆ ಚಾಡಿ ಹೇಳಿದಂತೆ ಕೇಳಿಸಿತು. ಆ ಹಾಳೆಯನ್ನೂ ಒಲೆಗೆ ಹಾಕಿದಳು.

ಸೋಮವಾರ ಬೆಳಗ್ಗೆ ಕೆಲಸಕ್ಕೆ ರಜೆ ಹೇಳಿ ಈಜುಕೊಳಕ್ಕೆ ಹೋದಳು. ನಮ್ಮ ಊರಿನಲ್ಲಿ ದುಃಖವಾಗಲಿ ಸುಖವಾಗಲಿ, ಮೊದಲು ಅದನ್ನು ಕತ್ತಿನವರೆಗೆ ಬಿಸಿನೀರಿನಲ್ಲಿ ನೆನೆಹಾಕುತ್ತಾರೆ. ಈಜುಕೊಳದ ಪಕ್ಕದ ಬಿಸಿನೀರಿನ ತೊಟ್ಟಿಯೇ ನಮ್ಮ ಊರಕಟ್ಟೆ. ಮೇಲೆ ಏಪ್ರಿಲ್ ತಿಂಗಳ ಹಿಮ ಉದುರುತ್ತಿತ್ತು, ಕೆಳಗೆ ಆವಿ ಏಳುತ್ತಿತ್ತು. ತೊಟ್ಟಿಯೊಳಗೆ ತಲೆಗೆ ಉಣ್ಣೆಯ ಟೋಪಿ ಹಾಕಿಕೊಂಡು ಏಯ್ವಿಂದ್ ಕುಳಿತಿದ್ದ. ಟ್ರ್ಯಾಕ್ಟರ್ ರಿಪೇರಿ ಮಾಡಿ ಮುದುಕನಾದವನು. ನಾಟಕ ಸಂಘದಲ್ಲಿ ರಾಜನ ಪಾತ್ರವಿದ್ದರೆ ರಾಜ, ಕಳ್ಳನ ಪಾತ್ರವಿದ್ದರೆ ಕಳ್ಳ. ದೀಸಾಳ ಪೆನ್ಸಿಲಿನಿಂದ ಅವನಷ್ಟು ಏಟು ತಿಂದವರು ಇನ್ನೊಬ್ಬರಿಲ್ಲ.

“ಬಾ ಮಗಳೇ, ಒಳಗೆ ಬಾ,” ಎಂದ. ಉನ್ನುರ್ ನೀರಿಗಿಳಿದಳು. ಆಮೇಲೆ ಏಯ್ವಿಂದ್ ಕೆಮ್ಮಿ, “ನಿಮ್ಮಮ್ಮ ನನ್ನ ಬಗ್ಗೆ ಏನು ಬರೆದಿದ್ದಳು ಗೊತ್ತಾ?” ಎಂದ.

“ಊರಿಗೆಲ್ಲ ಗೊತ್ತು, ಏಯ್ವಿಂದ್.”

“ಆದ್ರೂ ಹೇಳ್ತೀನಿ ಕೇಳು. ‘ರಾಜನ ಪಾತ್ರಧಾರಿ ಸಿಂಹಾಸನದವರೆಗೆ ಟ್ರ್ಯಾಕ್ಟರ್ ಓಡಿಸಿಕೊಂಡು ಬಂದಂತೆ ನಡೆದರು.’ ಮಾರನೇ ದಿನ ಇದೇ ತೊಟ್ಟಿಗೆ ಬಂದಳು ಮಹರಾಯ್ತಿ! ಹತ್ತು ಜನ ಕೂತಿದ್ವಿ, ಒಬ್ಬರೂ ಉಸಿರೆತ್ತಲಿಲ್ಲ. ನಾನು ಹೇಳಿದೆ, ‘ದೀಸಾ, ಈ ನೀರು ಇಷ್ಟು ಬಿಸಿ ಆಗಿರೋದು ನನ್ನ ಕೋಪಕ್ಕೆ.’ ಅದಕ್ಕವಳು, ‘ಹಾಗಾದ್ರೆ ದಿನಾ ಬೈತೀನಿ, ಪುರಸಭೆಗೆ ಖರ್ಚು ಉಳಿಯತ್ತೆ’ ಅಂದಳು!”

ಉನ್ನುರ್ ನಕ್ಕಳು. ಆ ವಾರದಲ್ಲಿ ಅದೇ ಮೊದಲ ನಗು. ನಕ್ಕವಳಿಗೆ ಹಾಗೆಯೇ ಅಳು ಬಂತು. ಬಿಸಿನೀರಿನ ಆವಿಯಲ್ಲಿ ಅಳು ಯಾರಿಗೂ ಕಾಣಿಸುವುದಿಲ್ಲ, ಅದೊಂದು ಅನುಕೂಲ.

“ಬರೆದೆಯಾ?” ಎಂದ ಏಯ್ವಿಂದ್.

“ಆಗ್ತಾ ಇಲ್ಲ. ಬರೀ ‘ನೀನು’ ಅಂತಲೇ ಬರತ್ತೆ. ‘ಅವಳು’ ಅಂತ ಬರೆದ್ರೆ ಬೇರೆ ಯಾರೋ ಆಗಿಬಿಡ್ತಾಳೆ.”

ಏಯ್ವಿಂದ್ ಟೋಪಿ ತೆಗೆದು ಅದರ ಮೇಲಿನ ಹಿಮ ಕೊಡವಿದ. “ನನ್ನ ಹೆಂಡ್ತಿ ಬೆರಾ ಹೋದಾಗ ನಾನೂ ಎರಡು ಹಾಳೆ ಬರೆದುಕೊಂಡು ಹೋಗಿದ್ದೆ. ಎಲ್ಲಾ ನೀನು, ನೀನು, ನೀನು. ನಿಮ್ಮಮ್ಮ ಒಂದೊಂದನ್ನೂ ಹೊಡೆದಳು. ನನಗೆ ಮೈಯೆಲ್ಲ ಉರಿದುಹೋಯ್ತು. ಎದ್ದುನಿಂತು, ‘ಏನೇ, ನನ್ನ ಹೆಂಡ್ತೀನ ಪಕ್ಕದ ಮನೆಯೋಳ ಥರ ಮಾಡ್ತಿದೀಯಲ್ಲ!’ ಅಂತ ಕೂಗಾಡಿದೆ.”

“ಅಮ್ಮ ಏನಂದಳು?”

“ಕೂತ್ಕೋ ಅಂದಳು. ‘ನೀನು ಅಂದ್ರೆ ಬಾಗಿಲು ಹಾಕ್ಕೊಂಡು ನೀವಿಬ್ಬರೇ ಮಾತಾಡಿದ ಹಾಗೆ. ನಾವೆಲ್ಲ ಹೊರಗೆ ಚಳೀಲಿ ನಿಂತಿರ್ತೀವಿ. ಅವಳು ಅಂದ್ರೆ ಬಾಗಿಲು ತೆಗೆದ ಹಾಗೆ. ಬೆರಾನ ನಾವೂ ನೋಡಬೇಕು, ಒಳಗೆ ಬಿಡು’ ಅಂದಳು. ಆಮೇಲೆ ಇನ್ನೊಂದು ಮಾತು ಹೇಳಿದಳು. ‘ಹೊಡೆದುಹಾಕಿದ್ದು ಅಂತ ಬೇಜಾರು ಮಾಡ್ಕೋಬೇಡ. ಈ ನೀನುಗಳನ್ನ ನಾನು ಇಟ್ಕೊಳ್ಳಲ್ಲ. ಎಲ್ಲಾ ನಿನ್ನವೇ. ಮನೆಗೆ ತಗೊಂಡು ಹೋಗು’ ಅಂದಳು.”

“ತಗೊಂಡು ಹೋದೆಯಾ?”

“ಇಲ್ಲದೆ? ಇವತ್ತು ಬೆಳಗ್ಗೆಯೂ ಕಾಫಿ ಹಾಕುವಾಗ ಒಂದು ಖರ್ಚು ಮಾಡಿದೆ. ‘ನೀನು ಸಕ್ಕರೆ ಎಲ್ಲಿಟ್ಟಿದೀಯೇ’ ಅಂತ.” ಅವನು ಟೋಪಿಯನ್ನು ಮತ್ತೆ ಹಾಕಿಕೊಂಡ. “ಹತ್ತು ವರ್ಷ ಆಯ್ತು. ಇನ್ನೂ ಮುಗಿದಿಲ್ಲ ನೋಡು.”

ಅಂದು ಮಧ್ಯಾಹ್ನ ಉನ್ನುರ್ ಮತ್ತೆ ಮೇಜಿಗೆ ಬಂದು ಕುಳಿತಳು. ಬಾಗಿಲು ತೆಗೆಯುವುದಾದರೆ ಎಲ್ಲಿಂದ ತೆಗೆಯಲಿ ಎಂದು ಯೋಚಿಸುತ್ತಿದ್ದಾಗ ಅವಳಿಗೆ ತಾನು ಕಲ್ಲಾಗಿದ್ದು ನೆನಪಾಯಿತು.

ಆಗ ಅವಳಿಗೆ ಒಂಬತ್ತು ವರ್ಷ. ಶಾಲೆಯ ನಾಟಕದಲ್ಲಿ ಕಲ್ಲಿನ ಪಾತ್ರ. ನಮ್ಮ ಕಡೆ ಕೆಲವು ಬಂಡೆಗಳೊಳಗೆ ಯಕ್ಷರು ಸಂಸಾರ ಮಾಡುತ್ತಾರೆಂದು ಹಳಬರ ನಂಬಿಕೆ. ಅಂಥದೊಂದು ಬಂಡೆಯಾಗಿ ಬೂದುಬಣ್ಣದ ಚೀಲ ಹೊದ್ದು ಅವಳು ನಾಟಕದುದ್ದಕ್ಕೂ ನಿಲ್ಲಬೇಕಿತ್ತು. ನಿಂತಳು. ಆದರೆ ಮೂರನೆಯ ಸಾಲಿನ ಕೊನೆಯ ಕುರ್ಚಿಯಲ್ಲಿ ಹಸಿರು ಕೋಟು ಕಂಡಾಗ ತಡೆಯಲಾಗದೆ ಚೀಲದೊಳಗಿಂದ ಕೈ ತೆಗೆದು ಬೀಸಿಬಿಟ್ಟಳು. ಸಭೆಯೆಲ್ಲ ಗೊಳ್ಳೆಂದಿತು. ಆ ಗುರುವಾರದ ಪತ್ರಿಕೆಯಲ್ಲಿ ದೀಸಾ ಬರೆದಳು: ‘ಬಂಡೆಯಾಗಿದ್ದ ಹುಡುಗಿ ಬಹಳ ಚೆನ್ನಾಗಿ ನಿಂತಳು. ಆದರೆ ಬಂಡೆಗಳು ಕೈ ಬೀಸಬಾರದು.’

ಉನ್ನುರ್ ಎರಡು ದಿನ ತಾಯಿಯೊಡನೆ ಮಾತು ಬಿಟ್ಟಿದ್ದಳು. ತನ್ನ ಹೆಸರನ್ನೂ ಹಾಕದೆ ‘ಹುಡುಗಿ’ ಎಂದು ಬರೆದಳಲ್ಲ ಎಂಬ ಸಿಟ್ಟು. ಅಷ್ಟು ದೊಡ್ಡ ಸಿಟ್ಟಿನ ಅಡಿಯಲ್ಲಿ ಇನ್ನೊಂದು ಸಂಗತಿ ಮುಚ್ಚಿಹೋಗಿತ್ತು. ಈಗ, ಇಷ್ಟು ವರ್ಷಗಳ ಮೇಲೆ, ಖಾಲಿ ಅಡುಗೆಮನೆಯಲ್ಲಿ ಅದು ತಾನಾಗಿ ಮೇಲೆದ್ದು ಬಂತು. ಬಂಡೆ ಕೈ ಬೀಸಿದಾಗ ಸಭೆ ನಕ್ಕಿತ್ತು. ದೀಸಾ ಮಾತ್ರ ನಗಲಿಲ್ಲ. ಮಡಿಲಲ್ಲಿದ್ದ ಪೆನ್ಸಿಲು ಹಾಳೆಗಳನ್ನು ಕೆಳಗೆ ಬೀಳಗೊಟ್ಟು, ಎಲ್ಲರ ಮುಂದೆ ಕೈ ಎತ್ತಿ ತಾನೂ ಬೀಸಿದ್ದಳು.

ಪತ್ರಿಕೆಯಲ್ಲಿ ‘ಹುಡುಗಿ’, ಸಭೆಯಲ್ಲಿ ಮಗಳು. ಎರಡೂ ಒಬ್ಬಳದೇ ಕೈಯಿಂದ.

ಉನ್ನುರ್ ಬರೆಯತೊಡಗಿದಳು. ಅವಳು ದೋಣಿ ಕಟ್ಟುವವನ ಮಗಳು, ಅವಳು ಆಲೂಗಡ್ಡೆ ಸೀಯಿಸಿದಳು, ಅವಳು ಒಂದೇ ಚಿತ್ರದ ಮುಂದೆ ಬೆಂಚು ಹಿಡಿದು ಕುಳಿತಳು. ಈ ಸಲ ‘ಅವಳು’ ಎಂದರೆ ಪಕ್ಕದ ಬೀದಿಯವಳಾಗಿ ಕಾಣಲಿಲ್ಲ. ಒಂದೊಂದು ವಾಕ್ಯಕ್ಕೂ ಒಬ್ಬೊಬ್ಬರು ಬಾಗಿಲಲ್ಲಿ ಹಿಮ ಕೊಡವಿಕೊಂಡು ಒಳಗೆ ಬಂದು ಕುಳಿತಂತೆ, ದೀಸಾ ಅವರೆಲ್ಲರ ನಡುವೆ ಕೋಟು ಬಿಚ್ಚುತ್ತಿರುವಂತೆ ತೋರಿತು. ಬಂಡೆಯ ಸಂಗತಿಯನ್ನು ಕೊನೆಗೆ ಇಟ್ಟು ಮುಗಿಸಿದಳು. ತಿರುಗಿ ಓದಲು ಧೈರ್ಯ ಸಾಲದೆ ಹಾಗೆಯೇ ಕಳಿಸಿಬಿಟ್ಟಳು.

ಮಂಗಳವಾರ ಮಧ್ಯಾಹ್ನ ಬಂದರಿನಲ್ಲಿ ತಕ್ಕಡಿಯ ಪಕ್ಕ ನಿಂತಿದ್ದಾಗ ಫೋನು ಬಂತು. ಪತ್ರಿಕೆಯಿಂದ ಲೋವಾ. ದೀಸಾಳ ಕೈಕೆಳಗೆ ಕೆಲಸ ಕಲಿತು ಈಗ ಅವಳ ಮೇಜಿನಲ್ಲಿ ಕುಳಿತಿರುವವಳು.

“ಓದಿದೆ ಕಣೇ,” ಎಂದಳು ಲೋವಾ. “ಚೆನ್ನಾಗಿದೆ ಅಂತ ಹೇಳಲ್ಲ. ಹಾಗಂದ್ರೆ ಅವಳು ಬಯ್ಯೋಳು. ನಾನು ಅವಳನ್ನ ಕಂಡೆ.”

“ಸಾಕು ಬಿಡು. ಅಷ್ಟೇ ಬೇಕಾಗಿತ್ತು.”

“ಒಂದು ವಿಷ್ಯ. ಪೂರ್ತಿ ‘ಅವಳು’ ಅಂತಲೇ ಬರೆದಿದೀಯ. ಆದ್ರೆ ಕೊನೇ ಸಾಲಲ್ಲಿ ಒಂದು ‘ನೀನು’ ಉಳಿದುಬಿಟ್ಟಿದೆ.”

“ಎಲ್ಲಿ?”

“ಓದ್ತೀನಿ ಕೇಳು. ‘ಇಡೀ ಊರು ನಗುತ್ತಿತ್ತು. ಮೂರನೆಯ ಸಾಲಿನ ಕೊನೆಯ ಕುರ್ಚಿಯಿಂದ ನೀನು ತಿರುಗಿ ಕೈ ಬೀಸಿದೆ.’”

ಉನ್ನುರ್ ಬೇಕೆಂದು ಬರೆದದ್ದಲ್ಲ. ಬರೆದದ್ದು ಗೊತ್ತೇ ಆಗಿರಲಿಲ್ಲ. ಎದುರಿಗೆ ಮೀನಿನ ತೊಟ್ಟಿ ತಕ್ಕಡಿಯ ಮೇಲೆ ಕಾಯುತ್ತಿತ್ತು. ದೋಣಿಯವನು ಏನಾಯಿತೆಂದು ಕೈಸನ್ನೆ ಮಾಡಿದ. ಅವಳು ಬೆನ್ನು ತಿರುಗಿಸಿ ಸಮುದ್ರದ ಕಡೆ ನಿಂತಳು.

“ಬಿಡೋಣ ಅಂದ್ರೆ ಬಿಡ್ತೀನಿ,” ಎಂದಳು ಲೋವಾ ಮೆಲ್ಲಗೆ. “ಈಗ ಈ ಮೇಜು ನಂದು. ಯಾರೂ ಕೇಳಲ್ಲ.”

“ಅಮ್ಮ ಇದ್ದಿದ್ರೆ?”

“ಇಷ್ಟೊತ್ತಿಗೆ ಪೆನ್ಸಿಲ್ ಕಾಗದಕ್ಕೆ ಮುಟ್ಟಿರೋದು. ನಿನಗೆ ಫೋನು ಕೂಡ ಮಾಡ್ತಿರಲಿಲ್ಲ.”

ಉನ್ನುರ್ ಕೊಲ್ಲಿಯಾಚೆಯ ಬಿಳಿ ಬೆಟ್ಟವನ್ನು ನೋಡಿದಳು. ಅದೊಂದು ಮಾತು ಉಳಿದರೆ ಊರಿನವರೆಲ್ಲ ಕೊನೆಯ ಗಳಿಗೆಯಲ್ಲಿ ಬಾಗಿಲಿನ ಹೊರಗಾಗುತ್ತಾರೆ. ಏಯ್ವಿಂದ್‌ನ ಮುಖದ ಮೇಲೆಯೇ ಕದ ಹಾಕಿದಂತೆ.

“ಹೊಡೆದುಹಾಕು,” ಎಂದಳು.

ಪೆನ್ಸಿಲು ಗೀಚಿದ ಸದ್ದು ಫೋನಿನಲ್ಲಿ ಕೇಳಿಸಿತು. ಲೋವಾ ಆ ಕಚೇರಿಯಲ್ಲಿ ದೀಸಾ ಎಲ್ಲರಿಗೂ ಹೇಳುತ್ತಿದ್ದ ಮಾತನ್ನೇ ಹೇಳಿದಳು. “ಇದನ್ನ ನಾನು ಇಟ್ಕೊಳ್ಳಲ್ಲ, ಉನ್ನುರ್. ಮನೆಗೆ ತಗೊಂಡು ಹೋಗು.”

ಶನಿವಾರ ಅಂತ್ಯಕ್ರಿಯೆ ನಡೆಯಿತು. ಚರ್ಚು ತುಂಬಿ ಜನ ಮೆಟ್ಟಿಲ ಮೇಲೂ ನಿಂತಿದ್ದರು. ದೀಸಾಳಿಂದ ಬೈಸಿಕೊಂಡ ಗಾಯಕರೆಲ್ಲ ಸೇರಿ ಹಾಡಿದರು. ಎಂದೂ ಇಲ್ಲದಷ್ಟು ಶ್ರುತಿಬದ್ಧವಾಗಿ ಹಾಡಿದರೆಂದು ಪಾದ್ರಿಯೇ ಹೇಳಿದ. ಆಮೇಲೆ ಸಭಾಂಗಣದಲ್ಲಿ ಕಾಫಿ, ಸಕ್ಕರೆ ಉದುರಿಸಿ ಸುರುಳಿ ಸುತ್ತಿದ ತೆಳುದೋಸೆ. ಬಂದವರೆಲ್ಲ ಉನ್ನುರ್‌ಗೆ ಕೈ ಬೀಸಿ ತೋರಿಸಿ ಹೋದರು. ಬರಹವನ್ನು ಎಲ್ಲರೂ ಓದಿದ್ದರು. ಅವಳು ಎಲ್ಲರೊಡನೆ ಅಮ್ಮನ ಬಗ್ಗೆ ಮಾತನಾಡಿದಳು. ಅಮ್ಮನೊಡನೆ ಮಾತ್ರ ಮಾತನಾಡಲಿಲ್ಲ. ಮನೆಗೆ ತಂದ ‘ನೀನು’ ಹಾಗೆಯೇ ಇತ್ತು. ಖಾಲಿ ಮನೆಯಲ್ಲಿ ಅದನ್ನು ಬಾಯಿಗೆ ತರಲು ಅವಳಿಗೆ ಭಯವಾಗುತ್ತಿತ್ತು. ಉತ್ತರ ಬರದಿದ್ದರೆ?

ಭಾನುವಾರ ಮಧ್ಯಾಹ್ನ ನಾಟಕ ಸಂಘದ ಆ ವರ್ಷದ ಪ್ರಹಸನ. ಮುಂದಕ್ಕೆ ಹಾಕೋಣವೆಂದು ಕೆಲವರು ಅಂದಿದ್ದರಂತೆ. “ಹುಚ್ಚೇನ್ರೋ ನಿಮಗೆ? ನಾಟಕ ನಿಲ್ಲಿಸಿದ್ರೆ ದೀಸಾ ಎದ್ದು ಬಂದು ಅದರ ಬಗ್ಗೆಯೂ ಬರೀತಾಳೆ!” ಎಂದು ಏಯ್ವಿಂದ್ ಗದರಿಸಿದ್ದನಂತೆ. ಉನ್ನುರ್ ಹೋದಳು. ಮೂರನೆಯ ಸಾಲಿನಲ್ಲಿ ತನ್ನ ಎಂದಿನ ಕುರ್ಚಿಯಲ್ಲಿ ಕುಳಿತಳು. ಕೊನೆಯ ಕುರ್ಚಿಯಲ್ಲಿ ಯಾರೂ ಕೂರಲಿಲ್ಲ. ಅವಳು ಅದರ ಮೇಲೆ ಹಸಿರು ಕೋಟನ್ನು ಮಡಿಸಿಟ್ಟಳು.

ಏಯ್ವಿಂದ್‌ನದು ಪೊಲೀಸ್ ಅಧಿಕಾರಿಯ ಪಾತ್ರ. ಮೀಸೆ ತಿರುವಿಕೊಂಡು ಜೋರಾಗಿ ಒಳಗೆ ಬಂದ, ಕಳ್ಳನ ಕೊರಳಪಟ್ಟಿ ಹಿಡಿದ, ಬಾಯಿ ತೆರೆದ. ಅಷ್ಟರಲ್ಲಿ, ಎಷ್ಟೋ ವರ್ಷಗಳ ಭಯದಿಂದ ರೂಢಿಯಾದಂತೆ, ಅವನ ಕಣ್ಣು ಮೂರನೆಯ ಸಾಲಿನ ಕೊನೆಗೆ ಹೊರಳಿತು. ತೆರೆದ ಬಾಯಿ ಹಾಗೆಯೇ ನಿಂತಿತು. ಪರದೆಯ ಹಿಂದಿನಿಂದ ಮಾತು ಎತ್ತಿಕೊಡುವವಳು ಪಿಸುಗುಟ್ಟಿದಳು, ಮತ್ತೆ ಪಿಸುಗುಟ್ಟಿದಳು. ಅವನಿಗೆ ಕೇಳಿಸಲಿಲ್ಲ. ಜನ ಅದೂ ಪ್ರಹಸನದ ಭಾಗವೆಂದು ತಿಳಿದು ಹೊಟ್ಟೆ ಹಿಡಿದುಕೊಂಡು ನಕ್ಕರು. ಕಳ್ಳನೇ ಅವನ ತೋಳು ಅಲುಗಿಸಿ, “ಏನು ಅಧಿಕಾರಿಗಳೇ, ನನ್ನ ಹೆಸರು ಮರೆತುಹೋಯ್ತಾ?” ಎಂದು ದಾರಿಗೆ ತಂದ.

ನಾಟಕ ಮುಗಿಯಿತು. ಉನ್ನುರ್ ಯಾರೊಡನೆಯೂ ಮಾತನಾಡದೆ ನೇರ ಕಾರಿಗೆ ಬಂದಳು. ಎಂಜಿನ್ ಚಾಲೂ ಮಾಡಿದಳು. ಕೋಟನ್ನು ಪಕ್ಕದ ಸೀಟಿನ ಮೇಲೆ ಇಟ್ಟಳು. ಹೊರಗೆ ಜನ ಗುಂಪುಗುಂಪಾಗಿ ನಗುತ್ತ ಮನೆಗೆ ಹೋಗುತ್ತಿದ್ದರು. ಕಾಲಿಗೆ ಬಿಸಿಗಾಳಿ ತಾಗುವವರೆಗೆ ಕಾದಳು. ಅದು ತಾಗಿತು. ಪ್ರಶ್ನೆ ಬರಲಿಲ್ಲ.

“ನೀನು ಕೇಳಲಿಲ್ಲ,” ಎಂದಳು ಉನ್ನುರ್, ಗಾಜಿನ ಕಡೆ ನೋಡುತ್ತಲೇ. “ಆದ್ರೂ ಹೇಳ್ತೀನಿ. ಏಯ್ವಿಂದ್ ಈ ಸಲ ಚೆನ್ನಾಗಿ ನಡೆದ, ಟ್ರ್ಯಾಕ್ಟರ್ ಥರ ಇರಲಿಲ್ಲ. ಮೀಸೆ ಒಂದು ಕಡೆ ಬಿಚ್ಚಿಕೊಂಡಿತ್ತು. ಮಧ್ಯದಲ್ಲಿ ಮಾತು ಮರೆತ. ಎಲ್ಲರೂ ನಕ್ಕರು ಅಮ್ಮಾ. ಅವನು ಯಾಕೆ ಮರೆತ ಅಂತ ನಾನು ಕಂಡೆ.”

ಇನ್ನೂ ಇತ್ತು ಹೇಳುವುದು. ಎಲ್ಲ ಹೇಳಿ ಮುಗಿಯುವವರೆಗೆ ಅವಳು ಕಾರನ್ನು ಕದಲಿಸಲಿಲ್ಲ.